ಪಿಟ್‌ಕೆರ್ನ್ ದ್ವೀಪದ ನಾಣ್ಯಗಳು

ದಕ್ಷಿಣ ಶಾಂತಸಾಗರದ ಮಧ್ಯದಲ್ಲಿ, ವಿಮಾನನಿಲ್ದಾಣವಿಲ್ಲದೆ ಹಡಗನ್ನೇ ನಂಬಿ ಸುಮಾರು ಐವತ್ತು ಜನರಷ್ಟೇ ಬಾಳುತ್ತಿರುವ, ಬ್ರಿಟನ್ನಿನ ಅಧೀನದಲ್ಲಿರುವ ಪಿಟ್‌ಕೆರ್ನ್ ದ್ವೀಪವು ತನ್ನ ಹೆಸರಿನಲ್ಲಿಯೇ ನಾಣ್ಯಗಳನ್ನು ಹೊರಡಿಸುತ್ತದೆಂದರೆ ಯಾರಿಗಾದರೂ ವಿಸ್ಮಯವಾಗದಿರದು. ನಿತ್ಯದ ಕೊಡುಕೊಳೆಗೆ ಅಲ್ಲಿ ಸಲ್ಲುವುದು ನ್ಯೂಜಿಲೆಂಡಿನ ಡಾಲರು. ದ್ವೀಪದ ಹೆಸರನ್ನು ಹೊತ್ತ ಬೆಳ್ಳಿಬಂಗಾರದ ನಾಣ್ಯಗಳಾದರೋ ದೂರದೇಶಗಳ ಸಂಗ್ರಾಹಕರಿಗಾಗಿ ಟಂಕಿತವಾದವು.

1789ರಲ್ಲಿ ‘ಬೌಂಟಿ’ ನೌಕೆಯ ಅಧಿಪತಿ ಬ್ಲೈನ ವಿರುದ್ಧ ದಂಗೆಯೆದ್ದ ನಾವಿಕರಲ್ಲಿ ಕೆಲವರು, ಫ್ಲೆಚರ್ ಕ್ರಿಶ್ಚಿಯನ್ನನ ಮುಂದಾಳುತನದಲ್ಲಿ, ಪಾಲಿನೇಷ್ಯದ ಸ್ತ್ರೀಪುರುಷರೊಡನೆ 1790ರಲ್ಲಿ ಇಲ್ಲಿಗೆ ಬಂದು, ನೌಕೆಯನ್ನು ಸುಟ್ಟು ನೆಲಸಿದರು. ಅವರ ಸಂತತಿಯು 1838ರಲ್ಲಿ, ಸ್ತ್ರೀಯರಿಗೂ ಮತಾಧಿಕಾರವನ್ನಿತ್ತ ಶಾಸನವೊಂದನ್ನು ಪಡೆಯಿತು. ಯುದ್ಧವಿಜಯವನ್ನಲ್ಲ, ಆ ಶಾಸನದ 150ನೆಯ ವರ್ಷವನ್ನು ಸ್ಮರಿಸಿ 1988ರಲ್ಲಿ ದ್ವೀಪದ ಮೊದಲ ನಾಣ್ಯಗಳು ಹೊರಬಂದುದು ನನಗೆ ಪರಮೋಚಿತವಾಗಿ ತೋರುತ್ತದೆ. 1940ರಿಂದ ಹೊರಡುತ್ತಿರುವ ಅಂಚೆಚೀಟಿಗಳಂತೆ ಈ ನಾಣ್ಯಗಳೂ ದ್ವೀಪದ ಬೊಕ್ಕಸಕ್ಕೆ ಒಂದಿಷ್ಟು ವರಮಾನವನ್ನು ತಂದಿವೆ.