ಬಿಂದು ಎಲ್ಲಿಡಬೇಕು? ದುಂಡನೆಯ ಸ್ಲೈಡ್ ರೂಲ್ ಕತೆ

ಮಿಲ್ಪಿಟಾಸ್‌ನಿಂದ ಇವತ್ತು ನಾವು ಮಾತಾಡ್ತಿರೋದು ಬ್ಯಾಟರಿ ಬೇಡದ ಒಂದು ಕಂಪ್ಯೂಟರ್ ಬಗ್ಗೆ. ಒಂದರ ಮೇಲೊಂದು ತಿರುಗುವ ಎರಡು ತಟ್ಟೆಗಳು, ಅಂಚಿನಲ್ಲಿ ಅಂಕಿಗಳು, ಅಷ್ಟೇ. ಇದು ದುಂಡನೆಯ ಸ್ಲೈಡ್ ರೂಲ್.

ಪಿಯುಸಿಯಲ್ಲಿ ಲಾಗ್ ಟೇಬಲ್ ತಿರುವಿ ಹಾಕಿದವರಿಗೆ ಇದರ ಗುಟ್ಟು ಗೊತ್ತೇ ಇದೆ: ಲಾಗ್‌ಗಳನ್ನು ಕೂಡಿದರೆ ಸಂಖ್ಯೆಗಳ ಗುಣಾಕಾರ ಆಗುತ್ತೆ. ಇಲ್ಲಿ ಲಾಗ್ ಅನ್ನೋದು ಕೋನ. 1ರಿಂದ ಹೊರಟರೆ 4 ಇರೋದು 216.7 ಡಿಗ್ರಿಯಲ್ಲಿ, 5 ಇರೋದು 251.6ರಲ್ಲಿ. ಕೂಡಿದರೆ 468.3. ಒಂದು ಪೂರ್ತಿ ಸುತ್ತು, ಅಂದ್ರೆ 360 ಕಳೆಯಿರಿ. ಉಳಿದದ್ದು ಸುಮಾರು 108 ಡಿಗ್ರಿ. ಅಲ್ಲಿರೋ ಅಂಕಿ 2. ನೇರ ಸ್ಲೈಡ್ ರೂಲ್‌ನಲ್ಲಾದರೆ ಈ ಉತ್ತರ ಪಟ್ಟಿಯ ತುದಿ ದಾಟಿ ಆಚೆ ಹೋಗಿಬಿಡ್ತಿತ್ತು. ವೃತ್ತಕ್ಕೆ ತುದಿಯೇ ಇಲ್ಲ.

ಆದರೆ ನಾಲ್ಕೈದಲೆ ಇಪ್ಪತ್ತು, ತಟ್ಟೆ ಹೇಳಿದ್ದು 2. ಅದು ಅಂಕಿ ಕೊಡುತ್ತೆ, ದಶಮಾಂಶ ಬಿಂದು ಎಲ್ಲಿಡಬೇಕು ಅಂತ ಹೇಳೋದಿಲ್ಲ. ಆ ಕೆಲಸ ನಮ್ಮದು.

ಇಂಥ ತಟ್ಟೆಗಳು 1630ರ ದಶಕದ ಇಂಗ್ಲೆಂಡಿನಲ್ಲೇ ಇದ್ದವು. ಅದನ್ನು ವಿಮಾನಕ್ಕೆ ಹೊಂದಿಸಿದವರಲ್ಲಿ ಮುಖ್ಯರು ಅಮೆರಿಕದ ನೌಕಾದಳದ ಪೈಲಟ್ ಫಿಲಿಪ್ ಡಾಲ್ಟನ್. 1930ರ ದಶಕದ ಕೊನೆಯಲ್ಲಿ ಅವರು ರೂಪಿಸಿದ ಸಾಧನಕ್ಕೆ ಸೇನೆ ಕೊಟ್ಟ ಹೆಸರು ಇ-ಸಿಕ್ಸ್-ಬಿ. ಒಂದು ಬದಿಯಲ್ಲಿ ಸಮಯ, ದೂರ, ಇಂಧನದ ಲೆಕ್ಕ. ಇನ್ನೊಂದು ಬದಿಯಲ್ಲಿ ಗಾಳಿ ವಿಮಾನವನ್ನು ಎಷ್ಟು ತಳ್ಳುತ್ತೆ ಅನ್ನೋ ಲೆಕ್ಕ. ಎರಡನೇ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ತಯಾರಾದವು. ಡಾಲ್ಟನ್ ಅದನ್ನು ನೋಡಲಿಲ್ಲ. 1941ರಲ್ಲಿ ಶಿಷ್ಯನಿಗೆ ಹಾರಾಟ ಕಲಿಸುವಾಗಲೇ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ನಮ್ಮ ಪಕ್ಕದ ಸ್ಯಾನ್ ಹೋಸೆಯಲ್ಲಿ ರೀಡ್-ಹಿಲ್‌ವ್ಯೂ ಅನ್ನೋ ಸಣ್ಣ ವಿಮಾನ ನಿಲ್ದಾಣ ಇದೆ. ಅಲ್ಲಿಂದ ಹೊರಟ ವಿಮಾನ ಗಂಟೆಗೆ 8 ಗ್ಯಾಲನ್ ಕುಡಿಯುತ್ತೆ ಅಂದ್ಕೊಳ್ಳಿ. ಎರಡೂವರೆ ಗಂಟೆಗೆ ಎಷ್ಟು ಬೇಕು? ಒಳ ತಟ್ಟೆಯ 60 ನಿಮಿಷದ ಗುರುತನ್ನು ಹೊರಗಿನ 80ರ ಎದುರು ನಿಲ್ಲಿಸಿ. 8 ಆಗಲಿ 80 ಆಗಲಿ, ಗೆರೆ ಒಂದೇ. 150 ನಿಮಿಷಕ್ಕೆ 15 ಅನ್ನೋ ಗೆರೆ ಹುಡುಕಿ. ಎದುರಿಗೆ 20. ಇದು 2 ಗ್ಯಾಲನ್ನಾ, 20ಆ, 200ಆ? ಗಂಟೆಗೇ 8 ಬೇಕು ಅಂದ ಮೇಲೆ 2 ಸಾಲದು. 200 ಹಿಡಿಸೋ ಟ್ಯಾಂಕ್ ಇಂಥ ವಿಮಾನಕ್ಕಿಲ್ಲ. ಹಾಗಾಗಿ 20. ಇಲ್ಲಿ ಬಿಂದು ತಪ್ಪಿದರೆ ಎಂಜಿನ್ ಗಾಳಿಯಲ್ಲೇ ನಿಲ್ಲುತ್ತೆ.

ಸ್ಲೈಡ್ ರೂಲ್ ಕಾಲ ಮುಗಿಸಿದ ಯಂತ್ರವೂ ನಮ್ಮ ಬೇ ಏರಿಯಾದ್ದೇ. ಪಾಲೋ ಆಲ್ಟೋದ ಹ್ಯೂಲೆಟ್-ಪ್ಯಾಕರ್ಡ್ 1972ರಲ್ಲಿ ಎಚ್‌ಪಿ-35 ಅನ್ನೋ ಜೇಬಿನ ಕ್ಯಾಲ್ಕುಲೇಟರ್ ತಂತು, ಬೆಲೆ 395 ಡಾಲರ್. ಅದು ಬಿಂದುವನ್ನೂ ತಾನೇ ಇಟ್ಟಿತು. ಆದರೂ ಪೈಲಟ್ ತರಬೇತಿಯಲ್ಲಿ ಡಾಲ್ಟನ್ ತಟ್ಟೆ ಇವತ್ತಿಗೂ ತಿರುಗುತ್ತಿದೆ.

ಜೀವವಿಜ್ಞಾನದ ಲ್ಯಾಬ್‌ನಲ್ಲೂ ಇದೇ ಪಾಠ. ಬಿಂದು ಒಂದು ಮನೆ ಜರುಗಿದರೆ ಔಷಧಿಯ ಪ್ರಮಾಣ ಹತ್ತು ಪಟ್ಟಾಗುತ್ತೆ, ಮತ್ತು ತಪ್ಪು ಗುಂಡಿ ಒತ್ತಿದರೆ ಕ್ಯಾಲ್ಕುಲೇಟರ್ ಎಚ್ಚರಿಸೋದಿಲ್ಲ. ಹಾಗಾಗಿ ಮುಂದಿನ ಸಲ ಫೋನ್ ತೆಗೆಯೋ ಮುಂಚೆ ಉತ್ತರ ಹತ್ತರ ಆಸುಪಾಸಾ, ನೂರರ ಆಸುಪಾಸಾ ಅಂತ ಒಮ್ಮೆ ಅಂದಾಜು ಮಾಡಿ ನೋಡಿ. ಮತ್ತೆ ಸಿಗೋಣ.