ಕಾಣದ ಗಾಳಿಗೆ ಫ್ಲಾಶ್ ಬೆಳಕು

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯು ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಜನ್ಮಸ್ಥಳವೆಂದು ಲೋಕಕ್ಕೆ ಪರಿಚಿತವಾದ ಊರು. ಆದರೆ ನಾನಿಲ್ಲಿ ಅದನ್ನು ನೆನೆಯುತ್ತಿರುವುದು ರಾಜಕಾರಣಕ್ಕಾಗಿ ಅಲ್ಲ, ಅಂಥ ಊರುಗಳ ರಾಗಿಯ ಕಣಕ್ಕಾಗಿ. ಒಕ್ಕಿದ ರಾಗಿಯನ್ನು ಮೊರದಲ್ಲೆತ್ತಿ ತೂರಿದಾಗ ಕಾಳು ಕಾಲಬುಡದಲ್ಲಿ ಬಿದ್ದು ಹೊಟ್ಟು ದೂರ ಹಾರಿಹೋಗುವುದನ್ನು ಕಂಡ ರೈತನಿಗೆ, ಬೀಳುವ ಪ್ರತಿಯೊಂದು ವಸ್ತುವಿಗೂ ಅದರ ತೂಕ ಆಕಾರಗಳಿಗೆ ತಕ್ಕುದಾದ ಒಂದು ಮಿತವೇಗವುಂಟೆಂದೂ, ಅಷ್ಟೇ ವೇಗದ ಗಾಳಿ ಕೆಳಗಿನಿಂದ ಬೀಸಿದರೆ ಅದು ಬೀಳದೆ ನಿಲ್ಲುವುದೆಂದೂ ತಿಳಿಸಿಕೊಡಲು ಹೆಚ್ಚಿನ ಶ್ರಮ ಬೇಕಾಗದು. ಬೋರಲಾಗಿ ಬೀಳುವ ಮನುಷ್ಯದೇಹಕ್ಕೆ ಆ ವೇಗ ಗಂಟೆಗೆ ಸುಮಾರು 200 ಕಿಲೋಮೀಟರು.

ಈ ತತ್ತ್ವವನ್ನೇ ವಿನೋದಕ್ಕೆ ಹೂಡಿದ ಯಂತ್ರವು ಲಂಬ ವಾತಸುರಂಗ. ಭಾರೀ ಫ್ಯಾನುಗಳು ನೂಕಿದ ಗಾಳಿಯು ಕಿರಿದಾಗುತ್ತ ಹೋಗುವ ಮಾರ್ಗದಲ್ಲಿ ವೇಗವನ್ನು ಪಡೆದು, ಪಾರದರ್ಶಕ ಗೋಡೆಗಳ ಕೋಣೆಯೊಳಕ್ಕೆ ನೆಲದ ಬಲೆಯ ಮೂಲಕ ನುಗ್ಗುವುದು. ಅದರ ಮೇಲೆ ಕೈಕಾಲು ಚಾಚಿದವನು ವಿಮಾನವನ್ನು ಹತ್ತದೆಯೇ ಧುಮುಕಿದವನ ಅನುಭವವನ್ನು ಪಡೆಯುವನು. ವಿಮಾನಶಾಸ್ತ್ರದ ಪರೀಕ್ಷೆಗಳಿಗೆಂದು ಕಟ್ಟಿದ್ದ, ಅಮೆರಿಕದ ರೈಟ್-ಪ್ಯಾಟರ್ಸನ್ ವಾಯುನೆಲೆಯ ಸುರಂಗದಲ್ಲಿ 1964ರಲ್ಲಿ ಮನುಷ್ಯನೊಬ್ಬನು ಹೀಗೆ ತೇಲಿದನು; ಇಂದು ನೆರೆಯ ಹೈದರಾಬಾದಿನಲ್ಲಿಯೇ ಹಣ ತೆತ್ತು ತೇಲಬಹುದಾಗಿದೆ. ತೇಲಿದ ಮೇಲೆ ಫೋಟೋ ಬೇಡವೆನ್ನುವವರುಂಟೇ?

ತೊಡಕು ಆರಂಭವಾಗುವುದು ಅಲ್ಲಿಯೇ. ಹೊರಗಿನಿಂದ ನೇರವಾಗಿ ಹಾರಿಸಿದ ಫ್ಲಾಶ್ ಗಾಜಿಗೆ ತಾಗಿ ಹಿಂದಿರುಗಿ, ಚಿತ್ರದ ನಡುವೆ ಬಿಳಿಯ ಮಚ್ಚೆಯಾಗಿ ಕುಳಿತುಬಿಡುವುದು. ಮಸೂರವನ್ನು ಗಾಜಿಗೆ ಒತ್ತಿ ಹಿಡಿದು, ಫ್ಲಾಶನ್ನು ಕ್ಯಾಮೆರಾದಿಂದ ಬೇರ್ಪಡಿಸಿ ಓರೆಯಾಗಿ ಬೆಳಗಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುವುದು. ಗೋಡೆ ಬಾಗಿದ್ದರೆ ಮಾತ್ರ ಬೆಳಕು ಎಲ್ಲಿಂದ ಮರಳೀತೆಂದು ಹೇಳುವುದೇ ಕಷ್ಟ. ಒಳಗೆ ನಿಂತು ತೆಗೆಯುವುದಾದರೆ ಬಿಗಿಯಿಲ್ಲದ ಒಂದು ಮುಚ್ಚಳವೂ ಗಾಳಿಯೊಡನೆ ಮೇಲಕ್ಕೆ ಹಾರಿಹೋಗುವ ವಸ್ತು. ಇದಲ್ಲದೆ, ಆ ಭೋರ್ಗರೆತದಲ್ಲಿ ಮಾತು ಕೇಳದಾದ ಕಾರಣ ಶಿಕ್ಷಕನು ಕೈಸನ್ನೆಯಿಂದಲೇ ಕಲಿಸುವನು. ಕಣ್ಣು ಕೋರೈಸಿದ ಹೊಸಬನಿಗೆ ಆ ಸನ್ನೆ ಕಾಣದೆ ಹೋಗಬಹುದಾದುದರಿಂದ, ಶಿಕ್ಷಕನ ಒಪ್ಪಿಗೆಯಿಲ್ಲದೆ ಫ್ಲಾಶ್ ಹಾರಿಸತಕ್ಕದ್ದಲ್ಲ.

ಇವೆಲ್ಲವೂ ಬಗೆಹರಿದ ಮೇಲೆ ಉಳಿಯುವ ತೊಡಕೇ ನಿಜವಾಗಿ ಸ್ವಾರಸ್ಯವಾದದ್ದು. ಶಟರು ಒಂದು ಸೆಕೆಂಡಿನ 200ನೆಯ ಒಂದು ಪಾಲಿನಷ್ಟು ಕಾಲ ತೆರೆದಿದ್ದರೆ, ಅಷ್ಟರಲ್ಲಿ ಅಲ್ಲಿಯ ಗಾಳಿ ಸುಮಾರು 28 ಸೆಂಟಿಮೀಟರು, ಎಂದರೆ ಒಂದು ಗೇಣಿಗೂ ಮಿಗಿಲಾಗಿ, ಸರಿದುಹೋಗಿರುತ್ತದೆ. ಮನುಷ್ಯನಾದರೋ ಇದ್ದಲ್ಲಿಯೇ ಇರುವನು, ಅದುರುವುದು ಅವನ ಅಂಗಿ ಮತ್ತು ಕೆನ್ನೆ. ಶಕ್ತಿಯನ್ನು ತಗ್ಗಿಸಿದ ಫ್ಲಾಶ್ ಸೆಕೆಂಡಿನ 10,000ನೆಯ ಒಂದು ಪಾಲಿನಷ್ಟೇ ಕಾಲ ಬೆಳಗಬಲ್ಲುದಾಗಿ, ಆ ಅದುರನ್ನೂ ಅದು ಸ್ತಬ್ಧಗೊಳಿಸುವುದು. ಚಿತ್ರವು ಎಷ್ಟು ನಿಚ್ಚಳವೋ ಅಷ್ಟೂ ಗಾಳಿಯ ಸುಳಿವು ಅದರಿಂದ ಮಾಯವಾಗುವುದು. ಆದಕಾರಣ ಬಲ್ಲ ಛಾಯಾಗ್ರಾಹಕನು ಶಟರನ್ನು ತುಸು ದೀರ್ಘಕಾಲ ತೆರೆದಿಟ್ಟು, ಕೋಣೆಯ ದೀಪದಲ್ಲಿ ಅಂಗಿಯ ತೋಳು ಮಸುಕಾಗಿ ಮೂಡುವಂತೆ ಬಿಟ್ಟು, ಕೊನೆಯ ಕ್ಷಣದಲ್ಲಿ ಫ್ಲಾಶ್ ಹಾರಿಸಿ ಮುಖವನ್ನು ಸ್ಪಷ್ಟಪಡಿಸಿಕೊಳ್ಳುವನು. ನನ್ನ ಅಭಿಪ್ರಾಯದಲ್ಲಿ ಇದೊಂದೇ ಪ್ರಾಮಾಣಿಕವಾದ ವಿಧಾನ.

ಗಾಳಿಯನ್ನೇ ಚಿತ್ರಿಸುವ ವಿದ್ಯೆ ಇಲ್ಲವೆಂದಲ್ಲ. ಸಾಂದ್ರತೆ ಬೇರೆಬೇರೆಯಾದ ಗಾಳಿಯಲ್ಲಿ ಬೆಳಕು ಕಿಂಚಿತ್ತು ಬಾಗುವುದು. ಬೆಳಕು ಕೂಡುವೆಡೆಯಲ್ಲಿ ಚೂರಿಯ ಅಲಗನ್ನಿಟ್ಟು ಅದರ ಒಂದಂಶವನ್ನು ತಡೆದರೆ ಆ ಬಾಗು ನೆರಳು-ಬೆಳಕಾಗಿ ತೋರುವುದೆಂಬುದನ್ನು 1864ರಲ್ಲಿ ಆಗಸ್ಟ್ ಟೋಪ್ಲರ್ ತೋರಿಸಿಕೊಟ್ಟನು. 1880ರ ದಶಕದಲ್ಲಿ ಅರ್ನ್ಸ್ಟ್ ಮಾಖ್ ಮತ್ತು ಪೀಟರ್ ಸಾಲ್ಶರ್ ವಿದ್ಯುತ್ ಕಿಡಿಯನ್ನೇ ಫ್ಲಾಶಾಗಿ ಬಳಸಿ, ಹಾರುವ ಗುಂಡಿನ ಮುಂದಣ ಆಘಾತತರಂಗವನ್ನು ಸೆರೆಹಿಡಿದರು. ನಮ್ಮ ಬೆಂಗಳೂರಿನಲ್ಲಿಯೂ, 1951ರಲ್ಲಿ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದ ಸತೀಶ್ ಧವನರು ಶಬ್ದಾತೀತ ವಾತಸುರಂಗವನ್ನು ಕಟ್ಟಿಸಿದ ಮೇಲೆ, 1967ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ನಾಲ್ಕು ಅಡಿಯ ಮಹಾಸುರಂಗವು ಕೆಲಸಕ್ಕೆ ತೊಡಗಿತು. ಅಂಥ ಸುರಂಗಗಳಲ್ಲಿ ಚೂರಿಯಲಗಿನ ಈ ವಿಧಾನವು ನಿತ್ಯದ ಉಪಕರಣ. ವಿನೋದದ ಸುರಂಗದಲ್ಲಾದರೋ ವೇಗವು ಶಬ್ದವೇಗದ ಆರನೆಯ ಒಂದು ಪಾಲಿನಷ್ಟೇ ಆಗಿ, ಗಾಳಿಯ ಸಾಂದ್ರತೆ ನೂರಕ್ಕೆ ಒಂದೆರಡು ಪಾಲಿಗಿಂತ ಹೆಚ್ಚು ಬದಲಾಗದು. ಚೂರಿಯ ಅಲಗಿಗೆ ಅಲ್ಲಿ ಸಿಕ್ಕುವುದು ಅತ್ಯಲ್ಪ. ಹೀಗಿರುವಲ್ಲಿ, ತನ್ನ ಕೆನ್ನೆ ಕಿವಿಯವರೆಗೆ ಸರಿದು ಮುಖ ವಿಕಾರವಾಗಿ ಬಂದಿದೆಯೆಂದು ಮುನಿಯುವ ಗಿರಾಕಿಯು, ತಾನು ದುಡ್ಡು ಕೊಟ್ಟ ಗಾಳಿ ಆ ಚಿತ್ರದಲ್ಲಿ ಕಾಣಿಸುತ್ತಿರುವುದು ಆ ಕೆನ್ನೆಯಲ್ಲಿಯೇ ಎಂಬುದನ್ನು ಗಮನಿಸಿರಲಾರನು.