‘ವರೆಗೆ’ ಎಂಬ ಗಂಟು

ಮಗ ಸಾಲಗಾರ, ಅಪ್ಪನಿಗೆ ಆಸ್ತಿಯಿದೆ. ಬರೆದುಕೊಟ್ಟರೆ ಸಾಲ ಕೊಟ್ಟವರ ಪಾಲು, ಕೊಡದಿದ್ದರೆ ಮಗ ಬೀದಿಪಾಲು. ಈ ಇಕ್ಕಟ್ಟಿಗೆ ಇಂಗ್ಲೆಂಡಿನಲ್ಲಿ ದಸ್ತಾವೇಜು ಬರೆಯುವ ವಕೀಲರು ಕಂಡುಕೊಂಡ ಉಪಾಯವೇ ರಕ್ಷಿತ ಟ್ರಸ್ಟ್. ಆಸ್ತಿ ಟ್ರಸ್ಟಿಗಳ ಹೆಸರಿನಲ್ಲಿರುತ್ತದೆ. ಆದಾಯ ಮಗನಿಗೆ, ಅಂದರೆ ಫಲಾನುಭವಿಗೆ.

ಕಸುಬೆಲ್ಲ ಒಂದು ಪದದಲ್ಲಿದೆ. ‘ಮಗನಿಗೆ ಜೀವಮಾನವಿಡೀ ಆದಾಯ ಸಲ್ಲಲಿ, ಅದನ್ನು ಪರಭಾರೆ ಮಾಡಕೂಡದು’ ಎಂದು ಬರೆದರೆ ಕೆಲಸ ಕೆಟ್ಟಿತು. 1811ರ ಬ್ರಾಂಡನ್–ರಾಬಿನ್ಸನ್ ಪ್ರಕರಣದಲ್ಲಿ ಅಂಥದೇ ಒಂದು ಉಯಿಲು ಲಾರ್ಡ್ ಎಲ್ಡನ್ ಮುಂದೆ ಬಂದಾಗ, ತೀರ್ಮಾನ ಸಾಲ ಕೊಟ್ಟವರ ಪರವಾಗಿಯೇ ಆಯಿತು. ಆದರೆ ‘ದಿವಾಳಿಯಾಗುವವರೆಗೆ’ ಎಂದು ಕೊಡಬಹುದೆಂಬುದನ್ನು ಅದೇ ತೀರ್ಪು ಒಪ್ಪಿತು. ಮೊದಲನೆಯದು ಪೂರ್ತಿ ಕೊಟ್ಟು ಆಮೇಲೆ ಬೀಗ ಜಡಿದಂತೆ, ಎರಡನೆಯದು ಅಳೆದು ಅಷ್ಟನ್ನೇ ಕೊಟ್ಟಂತೆ. ಮಗ ದಿವಾಳಿಯಾದ ಗಳಿಗೆಗೆ ಅವನ ಹಕ್ಕು ತಾನಾಗಿ ಮುಗಿದಿರುತ್ತದೆ. ಜಪ್ತಿ ಮಾಡಲು ಅಲ್ಲೇನೂ ಇರುವುದಿಲ್ಲ.

ಹಾಗಾದರೆ ಮಗನ ಗತಿ? ಪತ್ರದೊಳಗೆ ಎರಡನೆಯ ಟ್ರಸ್ಟೊಂದನ್ನು ಮಡಿಸಿಟ್ಟಿರುತ್ತಾರೆ. ಆ ಗಳಿಗೆಯಿಂದ ಆದಾಯವನ್ನು ಮಗ, ಅವನ ಹೆಂಡತಿ, ಮಕ್ಕಳು ಇವರಲ್ಲಿ ಯಾರಿಗೆ, ಎಷ್ಟು ಕೊಡಬೇಕೆಂಬುದು ಟ್ರಸ್ಟಿಗಳ ವಿವೇಚನೆ. ಇಂತಿಷ್ಟು ಕೊಡಿ ಎಂದು ಮಗ ಕೇಳುವಂತಿಲ್ಲ. ಅವನು ಕೇಳಲಾರದ್ದನ್ನು ಸಾಲ ಕೊಟ್ಟವರೂ ಕೇಳಲಾರರು. ಹಿಂದೆ ಇದನ್ನೆಲ್ಲ ವಿಸ್ತಾರವಾಗಿ ಬರೆಯಬೇಕಿತ್ತು. 1925ರ ಟ್ರಸ್ಟೀ ಕಾಯ್ದೆಯ 33ನೇ ಕಲಂ ಬಂದ ಮೇಲೆ ‘ಪ್ರೊಟೆಕ್ಟಿವ್ ಟ್ರಸ್ಟ್ಸ್’ ಎಂಬ ಎರಡು ಪದ ಸಾಕಾಯಿತು, ಉಳಿದದ್ದನ್ನು ಕಾಯ್ದೆಯೇ ತುಂಬಿಕೊಡುತ್ತದೆ. ತನ್ನ ಆಸ್ತಿಗೆ ತಾನೇ ಈ ಬೇಲಿ ಹಾಕಿಕೊಂಡು ದಿವಾಳಿಯಾಗುತ್ತೇನೆಂದರೆ ಮಾತ್ರ ನಡೆಯದು. ನ್ಯಾಯವೇ ಬಿಡಿ.

ನಮ್ಮಲ್ಲಿ ಈ ಗಂಟು ನಿಲ್ಲುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 12ನೇ ಕಲಂ, ದಿವಾಳಿಯಾದೊಡನೆ ಹಕ್ಕು ಮುಗಿಯಲಿ ಎಂಬ ಷರತ್ತನ್ನೇ ಅನೂರ್ಜಿತವೆನ್ನುತ್ತದೆ. ಗುತ್ತಿಗೆ ಕೊಟ್ಟವರಿಗಷ್ಟೇ ವಿನಾಯಿತಿ. ಹಾಗಾಗಿ ಇಲ್ಲಿ ಬರೆಯುವವರಿಗೆ ಉಳಿಯುವ ದಾರಿ, ಮೊದಲ ದಿನದಿಂದಲೇ ಎಲ್ಲವನ್ನೂ ಟ್ರಸ್ಟಿಗಳ ವಿವೇಚನೆಗೆ ಬಿಡುವುದು.

ಆ ವಿವೇಚನೆಗೂ ಕೈಚಳಕ ಬೇಕು. ಹಣವನ್ನು ಮಗನ ಕೈಗೇ ಇಟ್ಟರೆ ಅದರ ಮೇಲೆ ಸಾಲ ಕೊಟ್ಟವರ ಕಣ್ಣು ಬೀಳುತ್ತದೆ. ಹೋಟೆಲಿನವನಿಗೆ ದುಡ್ಡು ಕೊಟ್ಟು ಮಗನಿಗೆ ಊಟ ಹಾಕಿಸಿದರೆ? ಇಂಗ್ಲೆಂಡಿನ 1888ರ ಕೋಲ್ಮನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕಾಟನ್ ಕೊಟ್ಟ ಉದಾಹರಣೆ ಇದು. ಮಗನಿಗೆ ಸಿಕ್ಕಿದ್ದು ಆ ಊಟ ಉಣ್ಣುವ ಹಕ್ಕಷ್ಟೇ. ದಿವಾಳಿಯಲ್ಲಿ ಬೇರೆಯವರ ಕೈಸೇರುವ ಸ್ವತ್ತು ಅದಲ್ಲ ಎಂದರು ಅವರು.